ಒಂದು ಚಿಪ್, ನಾಲ್ಕು ಡ್ರೈವರ್, ಒಂದೇ ಇಂಟರಪ್ಟ್ ಲೈನ್

ಪವರ್ ಮ್ಯಾನೇಜ್‌ಮೆಂಟ್ ಚಿಪ್‌ಗೆ ಲಿನಕ್ಸ್ ಡ್ರೈವರ್ ಬರೆಯಲು ಕೂತವರು ಮೊದಲು ಕೇಳುವುದು ಇದನ್ನೇ: "ಸರ್, ಎಲ್ಲಾ ಒಂದೇ ಫೈಲ್‌ನಲ್ಲಿ ಬರೆಯಲಾ, ಎಂಎಫ್‌ಡಿ ಮಾಡಲಾ?" ಎಂಎಫ್‌ಡಿ ಅಂದರೆ ಮಲ್ಟಿ ಫಂಕ್ಷನ್ ಡಿವೈಸ್: ಮೇಲೆ ಒಂದು ಪೇರೆಂಟ್ ಡ್ರೈವರ್, ಅದರ ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಮಕ್ಕಳ ಡ್ರೈವರ್. ಡೇಟಾಶೀಟ್‌ನ ಮೊದಲ ಪುಟ ನೋಡಿ ರೆಗ್ಯುಲೇಟರ್ (ವೋಲ್ಟೇಜ್ ಕೊಡುವುದು), ಆರ್‌ಟಿಸಿ (ಗಡಿಯಾರ), ಜಿಪಿಐಒ (ಸಾಮಾನ್ಯ ಬಳಕೆಯ ಪಿನ್‌ಗಳು), ಪವರ್ ಬಟನ್ ಅಂತ ಬೆರಳು ಮಡಚಿ ಎಣಿಸಿಕೊಂಡೇ ಬಂದಿರುತ್ತಾರೆ. ಲೆಕ್ಕ ಸರಿಯೇ. ಒಂದೊಂದಕ್ಕೂ ಕರ್ನಲ್‌ನಲ್ಲಿ ಬೇರೆ ಸಬ್‌ಸಿಸ್ಟಮ್ ಇದೆ, ನೋಡಿಕೊಳ್ಳುವವರೂ ಬೇರೆ, ಒಂದೇ ಫೈಲ್‌ಗೆ ತುರುಕಿದರೆ ಯಾರೂ ಒಪ್ಪಲ್ಲ. ಆದರೆ ಆ ನಾಲ್ಕೂ ಚಿಪ್ ಒಳಗೆ ಏನೇನು ಹಂಚಿಕೊಂಡಿವೆ ಅಂತ ಮಾತ್ರ ನೋಡಿರುವುದಿಲ್ಲ.

ಹೋದ ವರ್ಷ ಒಂದು ಕಂಪನಿಯ ಬೋರ್ಡ್ ನನ್ನ ಮೇಜಿಗೆ ಬಂತು. ಆರ್‌ಟಿಸಿ ಅಲಾರ್ಮ್ ಒಮ್ಮೆ ಹೊಡೆಯುತ್ತದೆ, ಒಮ್ಮೆ ಇಲ್ಲ. ಚಿಪ್‌ನಿಂದ ಪ್ರೊಸೆಸರ್‌ಗೆ "ಇಲ್ಲಿ ನೋಡು" ಅಂತ ಕರೆಯುವ ಇಂಟರಪ್ಟ್ ಲೈನ್ ಒಂದೇ. ಬಟನ್ ಡ್ರೈವರ್, ಆರ್‌ಟಿಸಿ ಡ್ರೈವರ್ ಎರಡೂ ಅದನ್ನು ಶೇರ್ಡ್ ಅಂತ ಹಿಡಿದುಕೊಂಡು, ತಮ್ಮ ತಮ್ಮ ಥ್ರೆಡ್‌ನಲ್ಲಿ ಐ2ಸಿ ಬಸ್ ಮೂಲಕ ಸ್ಟೇಟಸ್ ರಿಜಿಸ್ಟರ್ (ಯಾವ ಭಾಗ ಕರೆದದ್ದು ಅಂತ ಚಿಪ್ ಬರೆದಿಡುವ ಜಾಗ) ಓದುತ್ತಿದ್ದವು. ಆ ರಿಜಿಸ್ಟರ್ ಓದಿದ ತಕ್ಷಣ ಕ್ಲಿಯರ್ ಆಗುವಂಥದ್ದು! ಬಟನ್ ಡ್ರೈವರ್ ಮೊದಲು ಓದಿದರೆ "ನಂದಲ್ಲ" ಅಂತ ಸುಮ್ಮನಾಗುತ್ತದೆ, ಆಮೇಲೆ ಬಂದ ಆರ್‌ಟಿಸಿಗೆ ಸಿಗುವುದು ಸೊನ್ನೆ. ಪಾಪ, ಆ ಡ್ರೈವರ್ ಬರೆದ ಹುಡುಗ ಆರ್‌ಟಿಸಿ ಕೋಡನ್ನೇ ತಿದ್ದಿ ತಿದ್ದಿ ಸುಸ್ತಾಗಿದ್ದ. ಅದರಲ್ಲಿ ತಪ್ಪೇ ಇರಲಿಲ್ಲ.

ಹಂಚಿಕೊಂಡದ್ದು ಪೇರೆಂಟ್ ಡ್ರೈವರ್ ಕೈಯಲ್ಲೇ ಇರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸ್ಟೇಟಸ್ ಓದುವವರು ಒಬ್ಬರೇ. ರೆಗ್‌ಮ್ಯಾಪ್ (ರಿಜಿಸ್ಟರ್ ಓದಿ ಬರೆಯುವ ಕರ್ನಲ್ ಕೋಡ್) ಕೊಡುವ "ಇಂಟರಪ್ಟ್ ಚಿಪ್" ಕೋಡ್ ಹಾಕಿದರೆ ಅದು ಒಂದು ಸಲ ಓದಿ, ಪ್ರತಿ ಬಿಟ್‌ಗೂ ಬೇರೆ ಇಂಟರಪ್ಟ್ ನಂಬರ್ ಕೊಡುತ್ತದೆ. ಮಕ್ಕಳು ತಮ್ಮ ನಂಬರ್ ತೆಗೆದುಕೊಂಡರೆ ಮುಗಿಯಿತು. ಕಂಟ್ರೋಲ್ ರಿಜಿಸ್ಟರ್ ಕಥೆಯೂ ಇದೇ. ಅದರಲ್ಲಿ 0x01 ಇದೆ ಅಂದುಕೊಳ್ಳಿ. ಇಬ್ಬರು ಮಕ್ಕಳೂ ಅದನ್ನು ಓದಿದರು, ಒಬ್ಬರು 0x03 ಬರೆದರು, ಇನ್ನೊಬ್ಬರು 0x05 ಬರೆದರು, ಮೊದಲನೆಯವರ ಬಿಟ್ ಹೋಯಿತು. "ನನ್ನ ಫೈಲ್‌ನಲ್ಲಿ ಮ್ಯೂಟೆಕ್ಸ್ ಇದೆಯಲ್ಲ ಸರ್" ಅಂತಾರೆ. ಮ್ಯೂಟೆಕ್ಸ್ ಅಂದರೆ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಲಾಕ್. ಪಕ್ಕದ ಫೈಲ್‌ನಲ್ಲೂ ಇದೆ ಮಾರಾಯ, ಆದರೆ ಅದು ಬೇರೆ ಮ್ಯೂಟೆಕ್ಸ್! ಎಲ್ಲರೂ ಪೇರೆಂಟ್‌ನ ಒಂದೇ ರೆಗ್‌ಮ್ಯಾಪ್ ಬಳಸಿ ಅದರ ಅಪ್‌ಡೇಟ್ ಬಿಟ್ಸ್ ಫಂಕ್ಷನ್ ಕರೆದರೆ, ಓದಿ ಬರೆಯುವಷ್ಟೂ ಹೊತ್ತು ಲಾಕ್ ಒಂದೇ ಇರುತ್ತದೆ. ಬಿಟ್‌ಗೆ 1 ಬರೆದು ಸ್ಟೇಟಸ್ ಕ್ಲಿಯರ್ ಮಾಡುವ ಚಿಪ್‌ಗಳಲ್ಲಿ ಇಂಟರಪ್ಟ್ ಸಮಸ್ಯೆ ಇಷ್ಟು ಜಾಸ್ತಿ ಆಗದಿರಬಹುದು, ನಿಮ್ಮ ಡೇಟಾಶೀಟ್ ನೋಡಿಯೇ ತೀರ್ಮಾನ ಮಾಡಿ.

ಏನನ್ನೂ ಹಂಚಿಕೊಳ್ಳದ ಬ್ಲಾಕ್‌ಗಳಿಗೆ ಸುಮ್ನೆ ಪೇರೆಂಟ್ ಕಟ್ಟಬೇಡಿ. ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಒಳಗೆ ಟೆಂಪರೇಚರ್ ಸೆನ್ಸರ್ ಇದ್ದರೆ ಅದು ಅದೇ ಡ್ರೈವರ್‌ನಲ್ಲಿ ಇನ್ನೊಂದು ಚಾನೆಲ್, ಅಷ್ಟೇ. ಪಿಸಿಐ ನೆಟ್‌ವರ್ಕ್ ಕಾರ್ಡ್‌ನಿಂದ ಆರ್‌ಡಿಎಂಎ (ಬೇರೆ ಕಂಪ್ಯೂಟರ್‌ನ ಮೆಮೊರಿಯನ್ನು ನೇರವಾಗಿ ಓದಿ ಬರೆಯುವ) ಭಾಗವನ್ನು ಬೇರೆ ಮಾಡಬೇಕಾದರೆ 2021ರ 5.11 ಕರ್ನಲ್‌ನಿಂದ ಹೀಗೆ ಡ್ರೈವರ್ ಭಾಗ ಮಾಡಲೆಂದೇ ಆಕ್ಸಿಲರಿ ಬಸ್ ಇದೆ, ಅಲ್ಲಿ ಎಂಎಫ್‌ಡಿಯನ್ನು ಎಳೆದು ತರಬೇಡಿ. ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯಲ್ಲಿ ಹಾರ್ಡ್‌ವೇರ್ ಹೇಗಿದೆಯೋ ಹಾಗೆ ಬರೆಯಿರಿ, ನಿಮ್ಮ ಸಿ ಫೈಲ್‌ಗಳು ಹೇಗಿವೆಯೋ ಹಾಗಲ್ಲ.

ಇನ್ನೊಂದು ಮಾತು. ಒಂದೇ ಸೆಲ್ (ಅಂದರೆ ಒಂದೇ ಮಗು) ಇರುವ ಎಂಎಫ್‌ಡಿ ಕಳಿಸಿ "ಉಳಿದದ್ದು ಆಮೇಲೆ" ಅಂದರೆ ಸಾಮಾನ್ಯವಾಗಿ ಪ್ಯಾಚ್ ಅಲ್ಲೇ ನಿಲ್ಲುತ್ತದೆ. ಎರಡು ಮಕ್ಕಳನ್ನಾದರೂ ಒಟ್ಟಿಗೆ ಕಳಿಸಿ.