ಪಂಕ್ಟಮ್: ಹಳೆಯ ಫೋಟೊ ನಾಟುವ ಜಾಗ

ಹಳೆಯ ಆಲ್ಬಮ್ ನೋಡುತ್ತ ಕುಳಿತವರ ಕೈ ಸಾಮಾನ್ಯವಾಗಿ ಒಂದೇ ಹದದಲ್ಲಿ ಪುಟ ತಿರುವುತ್ತಿರುತ್ತದೆ. ಇವರು ಯಾರು, ಇದು ಯಾವ ವರ್ಷದ್ದು, ಆಗಿನವರು ತಲೆ ಬಾಚಿಕೊಳ್ಳುತ್ತಿದ್ದ ಬಗೆ ನೋಡಿ ಎಂಬ ಮಾತುಗಳು ಆ ಕೈಯ ಜೊತೆಗೇ ಸಾಗುತ್ತವೆ. ಆಮೇಲೆ ಯಾವುದೋ ಒಂದು ಚಿತ್ರದ ಬಳಿ ಕೈಯೂ ಮಾತೂ ಒಟ್ಟಿಗೆ ನಿಂತುಬಿಡುತ್ತವೆ. ಏಕೆಂದು ಕೇಳಿದರೆ ಅವರು ಬೆರಳಿಟ್ಟು ತೋರಿಸುವುದು ತೀರ ಸಣ್ಣ ಸಂಗತಿಯನ್ನು: ಹಾಕಲು ಮರೆತ ಒಂದು ಗುಂಡಿ, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದ ಬೆರಳುಗಳು, ಚಿತ್ರದ ಅಂಚಿನಲ್ಲಿ ಅರ್ಧವಷ್ಟೇ ಕಾಣುವ ಯಾರದೋ ಭುಜ. ನೋಟವನ್ನು ಹೀಗೆ ತಡೆದು ನಿಲ್ಲಿಸುವ ಸಣ್ಣ ಸಂಗತಿಗೆ ಛಾಯಾಚಿತ್ರ ಕುರಿತ ಚಿಂತನೆಯಲ್ಲಿ ‘ಪಂಕ್ಟಮ್’ ಎಂಬ ಹೆಸರಿದೆ.

ಈ ಪದಕ್ಕೆ ಈ ಅರ್ಥವನ್ನು ಕೊಟ್ಟವರು ಫ್ರಾನ್ಸಿನ ಲೇಖಕ, ವಿಮರ್ಶಕ ರೋಲಾಂ ಬಾರ್ತ್. ಛಾಯಾಚಿತ್ರವನ್ನೇ ವಸ್ತುವಾಗಿಸಿಕೊಂಡು 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಲ್ಯಾಟಿನ್ ಭಾಷೆಯ ಎರಡು ಪದಗಳನ್ನು ಜೋಡಿಯಾಗಿ ಬಳಸಿದರು, ಅವುಗಳಲ್ಲಿ ಇದೊಂದು. ಲ್ಯಾಟಿನ್ನಿನಲ್ಲಿ ಪಂಕ್ಟಮ್ ಎಂದರೆ ಚುಚ್ಚಿದ ಗುರುತು, ಮೊನೆ ತಾಗಿ ಆದ ತೂತು, ಚುಕ್ಕೆ. ಸೈಕಲ್ ಟ್ಯೂಬಿಗೆ ಆಗುವ ಪಂಕ್ಚರ್ ಕೂಡ ಇದೇ ಮೂಲದ್ದೆಂದು ನೆನೆದರೆ ಪದದ ತಿರುಳು ಸುಲಭವಾಗಿ ಕೈಗೆ ಸಿಗುತ್ತದೆ. ನೋಡುವವರು ಪಂಕ್ಟಮನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ಚಿತ್ರದೊಳಗಿಂದ ಎದ್ದು ಬಂದು ಬಾಣದಂತೆ ನಾಟುತ್ತದೆ ಎಂಬುದು ಬಾರ್ತ್ ಅವರ ವಿವರಣೆ. ಕನ್ನಡದಲ್ಲಿ ‘ಕರುಳು ಚುರುಕ್ ಎಂದಿತು’ ಎನ್ನುವಾಗ ನಾವು ಸೂಚಿಸುವ ಅನುಭವ ಬಹುಮಟ್ಟಿಗೆ ಇದೇ. ಆದರೆ ನಮ್ಮ ನುಡಿಗಟ್ಟು ಪೆಟ್ಟು ಎಲ್ಲಿ ಬಿತ್ತೆಂದು ಹೇಳುತ್ತದೆ. ಪಂಕ್ಟಮ್ ಎಂಬ ಪದ ಅದು ಎಲ್ಲಿಂದ ಬಂತೆಂದು ತೋರಿಸುತ್ತದೆ.

ಜೋಡಿಯ ಇನ್ನೊಂದು ಪದವಾದ ‘ಸ್ಟುಡಿಯಮ್’ ಅನ್ನು ಬಿಟ್ಟು ಪಂಕ್ಟಮನ್ನು ತಿಳಿಯಲಾಗದು. ಚಿತ್ರವೊಂದರಲ್ಲಿ ನಮಗೆ ಹುಟ್ಟುವ ಸಭ್ಯವಾದ, ಕಲಿತು ಬಂದ, ಯಾರೊಂದಿಗೂ ಹಂಚಿಕೊಳ್ಳಬಹುದಾದ ಆಸಕ್ತಿಯೇ ಸ್ಟುಡಿಯಮ್. ಹತ್ತೊಂಬತ್ತನೆಯ ಶತಮಾನದ ಆರಂಭಿಕ ಚಿತ್ರಗಳಲ್ಲಿ ಮುಖಗಳು ಬಿಗಿದುಕೊಂಡಿರುವುದಕ್ಕೆ ಕ್ಯಾಮೆರಾದ ಮುಂದೆ ಬಹಳ ಹೊತ್ತು ಅಲುಗದೆ ಇರಬೇಕಾಗಿದ್ದುದೂ ಒಂದು ಕಾರಣ. 1900ರಲ್ಲಿ ಕೊಡಕ್ ಕಂಪನಿಯು ಒಂದು ಡಾಲರ್ ಬೆಲೆಯ ಬ್ರೌನಿ ಕ್ಯಾಮೆರಾವನ್ನು ಮಾರಾಟಕ್ಕೆ ತಂದಾಗ ಮನೆಯವರೇ ಮನೆಯವರ ಚಿತ್ರ ತೆಗೆಯುವುದು ಸಾಧ್ಯವಾಯಿತು. 1970ರ ದಶಕದ ಅನೇಕ ಕಲರ್ ಪ್ರಿಂಟುಗಳು ಈಗ ಕೆಂಪಗೆ ಕಾಣುವುದು ಅವುಗಳಲ್ಲಿದ್ದ ಹಸಿರುಮಿಶ್ರಿತ ನೀಲಿ ಬಣ್ಣ ಉಳಿದವಕ್ಕಿಂತ ಮೊದಲು ಮಾಸಿದ್ದರಿಂದ. ಇಂಥ ಮಾತುಗಳೆಲ್ಲ ಸ್ಟುಡಿಯಮ್ಮಿಗೆ ಸೇರಿದವು. ‘ಎಷ್ಟು ಚೆನ್ನಾಗಿದೆ’ ಎಂಬ ಮೆಚ್ಚುಗೆಯೂ ಅಲ್ಲಿಯದೇ. ಅದು ಕೀಳಾದ ಆಸಕ್ತಿಯೇನೂ ಅಲ್ಲ, ಆದರೆ ಅದರಿಂದ ಯಾರಿಗೂ ಗಾಯವಾಗುವುದಿಲ್ಲ.

ಎರಡರ ಅಂತರವನ್ನು ಒಂದೇ ಚಿತ್ರದಲ್ಲಿ ಹತ್ತಿರದಿಂದ ನೋಡಬಹುದು. ಸ್ಟುಡಿಯೊದಲ್ಲಿ ತೆಗೆದ ಒಂದು ಕಪ್ಪುಬಿಳುಪು ಫೋಟೊ ಇದೆಯೆಂದುಕೊಳ್ಳೋಣ: ಹಿಂದೆ ಬಣ್ಣದಲ್ಲಿ ಬರೆದ ಪರದೆ, ಮುಂದೆ ಎತ್ತರದ ಮೇಜಿಗೆ ಎಡಗೈ ಊರಿ ನಿಂತ ಹತ್ತು ಹನ್ನೆರಡರ ಹುಡುಗ, ಆ ಕೈಗೆ ಕಟ್ಟಿದ ಗಡಿಯಾರ. ಗಡಿಯಾರ ಕಾಣಲಿ ಎಂದೇ ಅವನನ್ನು ಹಾಗೆ ನಿಲ್ಲಿಸಿದ್ದಾರೆ. ಫೋಟೊದಲ್ಲಿ ತಾವು ಹೇಗೆ ತೋರಬೇಕೆಂದು ಆ ಮನೆಯವರು ಬಯಸಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ಇಷ್ಟು ಸ್ಟುಡಿಯಮ್. ಆದರೆ ಗಡಿಯಾರ ದೊಡ್ಡವರದು. ಬೆಲ್ಟನ್ನು ಕೊನೆಯ ತೂತಿಗೆ ಬಿಗಿದಿದ್ದರೂ ಅದು ಮಣಿಕಟ್ಟಿನ ಪಕ್ಕಕ್ಕೆ ವಾಲಿಕೊಂಡಿದೆ, ಅದು ಇನ್ನಷ್ಟು ಜಾರದಂತೆ ಹುಡುಗ ಮುಷ್ಟಿಯನ್ನು ತುಸು ಬಿಗಿಹಿಡಿದಿದ್ದಾನೆ. ಆ ಮುಷ್ಟಿಯನ್ನು ಯಾರೂ ಬೇಕೆಂದು ಚಿತ್ರದೊಳಗೆ ಇಟ್ಟದ್ದಲ್ಲ. ಆ ಹುಡುಗ ಮುಂದೆ ತನಗೆ ಅಪ್ಪನಾದನೆಂದು ಬಲ್ಲ ಮಗಳೊಬ್ಬಳಿಗೆ, ಎರವಲು ತಂದ ವಸ್ತುವನ್ನು ಜೀವಮಾನವೆಲ್ಲ ಅದೇ ಎಚ್ಚರದಿಂದ ಹಿಡಿಯುತ್ತಿದ್ದ ಅವನ ಕೈ ಅಲ್ಲಿ ಕಾಣಿಸಿದರೆ, ಅವಳ ಪಾಲಿಗೆ ಆ ಫೋಟೊದ ಪಂಕ್ಟಮ್ ಗಡಿಯಾರವಲ್ಲ, ಮುಷ್ಟಿ.

ಯಾರೂ ಉದ್ದೇಶಿಸದೆ ಸೇರಿಕೊಂಡಿರಬೇಕು ಎಂಬ ಅಂಶ ಈ ಪರಿಕಲ್ಪನೆಯಲ್ಲಿ ಬಹಳ ಮುಖ್ಯವಾದದ್ದು. ಅಳುವ ಮಗುವಿನ ಕಣ್ಣೀರು ಹೊಳೆಯುವಂತೆ ಬೆಳಕನ್ನು ಹೊಂದಿಸಿ ತೆಗೆದ ಚಿತ್ರ ನಮ್ಮನ್ನು ಕಲಕಬಹುದು. ಆದರೆ ಅಲ್ಲಿ ನಾವು ಛಾಯಾಗ್ರಾಹಕ ಎಳೆದ ಗೆರೆಯ ಮೇಲೆಯೇ ನಡೆದಿರುತ್ತೇವೆ. ಮನಕಲಕುವ ಯಾವುದೇ ಫೋಟೊಗೆ ಪಂಕ್ಟಮ್ ಎಂಬ ಹೆಸರನ್ನು ಅಂಟಿಸುವ ರೂಢಿ ಈಚೆಗೆ ಬೆಳೆದಿದೆ, ಅದರಿಂದ ಪದ ಮೊಂಡಾಗುತ್ತದೆ ಎಂದೇ ನನ್ನ ಅನಿಸಿಕೆ.

ಹಾಗಾದರೆ ಪಂಕ್ಟಮ್ ಇರುವುದು ಚಿತ್ರದಲ್ಲೋ ನೋಡುವವರಲ್ಲೋ? ಬಾರ್ತ್ ಅವರ ಉತ್ತರ ಎರಡೂ ಕಡೆ ಕಾಲಿಡುತ್ತದೆ: ಅದು ಚಿತ್ರಕ್ಕೆ ನಾನು ಸೇರಿಸುವಂಥದ್ದು, ಆದರೂ ಆಗಲೇ ಅಲ್ಲಿ ಇರುವಂಥದ್ದು. ಅವರದೇ ಒಂದು ಉದಾಹರಣೆ ಅವರಿಗೆ ಗೊತ್ತಿಲ್ಲದೆ ಇದನ್ನು ಇನ್ನೂ ಸ್ವಾರಸ್ಯಕರವಾಗಿ ತೋರಿಸಿದೆ. ಅಮೆರಿಕದ ಛಾಯಾಗ್ರಾಹಕ ಜೇಮ್ಸ್ ವ್ಯಾನ್ ಡರ್ ಜೀ 1926ರಲ್ಲಿ ತೆಗೆದ ಕುಟುಂಬದ ಚಿತ್ರವೊಂದರಲ್ಲಿ ತಮ್ಮನ್ನು ತಡೆದದ್ದು ಅಲ್ಲಿ ನಿಂತಿರುವ ಮಹಿಳೆಯ ಪಟ್ಟಿಯುಳ್ಳ ಬೂಟುಗಳು ಎಂದು ಬಾರ್ತ್ ಮೊದಲು ಬರೆಯುತ್ತಾರೆ. ಕೆಲವು ಪುಟಗಳ ನಂತರ, ಚಿತ್ರ ಕಣ್ಣ ಮುಂದಿಲ್ಲದಾಗ ಅದು ಮನಸ್ಸಿನಲ್ಲಿ ಮಾಗಿ, ನಿಜವಾದ ಪಂಕ್ಟಮ್ ಆಕೆಯ ಕೊರಳಿನ ಸರ ಎಂದು ತಿದ್ದಿಕೊಳ್ಳುತ್ತಾರೆ. ಹೆಣೆದ ಚಿನ್ನದ ಅಂಥದೇ ಎಳೆಸರವನ್ನು ಅವರ ಕುಟುಂಬದ ಹೆಂಗಸೊಬ್ಬರು ತೊಡುತ್ತಿದ್ದರು, ಅವರು ತೀರಿಕೊಂಡ ಬಳಿಕ ಸರ ಮನೆಯ ಒಡವೆ ಪೆಟ್ಟಿಗೆ ಸೇರಿತ್ತು. ಮುಂದೆ ಆ ಫೋಟೊವನ್ನು ಗಮನಿಸಿ ನೋಡಿದ ವಿದ್ವಾಂಸರಿಗೆ ಕಂಡದ್ದು ಮುತ್ತಿನ ಸರ. ಚಿನ್ನದ ಎಳೆಸರ ಚಿತ್ರದಲ್ಲಿರಲಿಲ್ಲ, ಬಾರ್ತ್ ಅವರ ನೆನಪಿನಲ್ಲಿತ್ತು. ಇದರಿಂದ ಪರಿಕಲ್ಪನೆ ಬಿದ್ದುಹೋಯಿತು ಎನ್ನುವವರುಂಟು. ನನಗೆ ಅದು ಈಗಲೇ ಪೂರ್ಣವಾಯಿತು ಎನಿಸುತ್ತದೆ: ಮನೆಯವರ ಹಳೆಯ ಫೋಟೊ ನೋಡುವಾಗ ಮತ್ತೊಂದು ಮನೆಯ, ಮತ್ತೊಂದು ಕೊರಳಿನ ವಸ್ತು ನಡುವೆ ಬಂದು ನಿಲ್ಲುವುದು ಎಲ್ಲರಿಗೂ ಆಗುವ ಅನುಭವ.

ಈ ಪದದ ಹಿಂದೆ ಒಂದು ಸಾವಿದೆ. ಬಾರ್ತ್ ಅವರ ತಾಯಿ 1977ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಮೇಲೆ ಅವರ ಫೋಟೊಗಳನ್ನು ಒಂದೊಂದಾಗಿ ನೋಡುತ್ತ ಕುಳಿತ ಮಗನಿಗೆ ಹೆಚ್ಚಿನವುಗಳಲ್ಲಿ ಆಕೆಯ ಗುರುತು ಸಿಕ್ಕಿತೇ ಹೊರತು ಆಕೆ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಆತ ಎಂದೂ ಕಂಡಿರದ ವಯಸ್ಸಿನ ತಾಯಿಯ ಚಿತ್ರದಲ್ಲಿ: 1898ರಲ್ಲಿ, ಗಾಜಿನ ಹೊದಿಕೆಯ ಸಸ್ಯಗೃಹದಲ್ಲಿ, ಏಳು ವರ್ಷದ ಅಣ್ಣನ ಜೊತೆ ನಿಂತ ಐದು ವರ್ಷದ ಹುಡುಗಿ. ಪುಸ್ತಕದಲ್ಲಿ ಬೇರೆ ಹಲವು ಫೋಟೊಗಳನ್ನು ಅಚ್ಚುಹಾಕಿರುವ ಬಾರ್ತ್ ಇದೊಂದನ್ನು ಮಾತ್ರ ಹಾಕಲಿಲ್ಲ. ಅದು ತಮಗಾಗಿ ಮಾತ್ರ ಇದೆ, ಓದುಗರಿಗೆ ಅದು ಎಷ್ಟೋ ಸಾಧಾರಣ ಚಿತ್ರಗಳಲ್ಲಿ ಒಂದಾಗಿ ಕಂಡೀತು ಎಂದು ಅವರು ಕಾರಣ ಕೊಡುತ್ತಾರೆ. ಬೇರೆಯವರ ಮನೆಯ ಆಲ್ಬಮ್ ನೋಡುತ್ತ ಆಕಳಿಕೆಯನ್ನು ತಡೆದುಕೊಂಡ ಯಾರಿಗಾದರೂ ಈ ಕಾರಣ ಒಪ್ಪಿಗೆಯಾಗುತ್ತದೆ.

ಆ ಚಿತ್ರ ಪದಕ್ಕೆ ಎರಡನೆಯ ಅರ್ಥವನ್ನೂ ತಂದಿತು. ಈ ಸಲ ಚುಚ್ಚುವುದು ವಿವರವಲ್ಲ, ಕಾಲ. ಇದಕ್ಕೆ ಬಾರ್ತ್ ಎತ್ತಿಕೊಂಡದ್ದು ಅಲೆಕ್ಸಾಂಡರ್ ಗಾರ್ಡ್ನರ್ 1865ರಲ್ಲಿ ತೆಗೆದ ಲೂಯಿಸ್ ಪೇನ್ ಎಂಬ ತರುಣ ಕೈದಿಯ ಚಿತ್ರವನ್ನು. ಅಮೆರಿಕದ ವಿದೇಶಾಂಗ ಸಚಿವರನ್ನು ಕೊಲ್ಲಲು ಯತ್ನಿಸಿದ್ದ ಅವನನ್ನು ಅದೇ ವರ್ಷದ ಜುಲೈ 7ರಂದು ಗಲ್ಲಿಗೇರಿಸಲಾಯಿತು. ಫೋಟೊದೊಳಗಿನವನು ಇನ್ನು ಸಾಯಲಿದ್ದಾನೆ. ನೋಡುವ ನಮಗೆ ಅವನು ಆಗಲೇ ಸತ್ತಿದ್ದಾನೆ. ಮನೆಯ ಆಲ್ಬಮ್ಮಿನಲ್ಲಿ ಇದು ಇಷ್ಟು ಭೀಕರವಾಗಿ ಕಾಣದಿದ್ದರೂ ಲೆಕ್ಕ ಅದೇ: ನಗುತ್ತಿರುವ ಇಪ್ಪತ್ತರ ಹೆಣ್ಣಿಗೆ ತಿಳಿಯದಿರುವುದು ನೋಡುತ್ತಿರುವ ಮೊಮ್ಮಗಳಿಗೆ ತಿಳಿದಿರುತ್ತದೆ.

ಪಂಕ್ಟಮನ್ನು ಹಳಹಳಿಕೆಯೊಂದಿಗೆ ಬೆರೆಸುವುದು ಸುಲಭ, ಸರಿಯಲ್ಲ. ಹಳಹಳಿಕೆಗೆ ನಾವು ಬಳಸುವ ‘ನಾಸ್ಟಾಲ್ಜಿಯ’ ಎಂಬ ಪದವನ್ನು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಗ್ರೀಕಿನ ‘ಮನೆಗೆ ಮರಳುವಿಕೆ’, ‘ನೋವು’ ಎಂಬ ಎರಡು ಮಾತುಗಳಿಂದ ಕಟ್ಟಿದ, ಅದೂ ಒಂದು ಕಾಯಿಲೆಯ ಹೆಸರಾಗಿ. ಹಳಹಳಿಕೆಗೆ ಇಡೀ ಕಾಲವೇ ಬೇಕು, ಕಂದುಬಣ್ಣದ ಮಬ್ಬು ಬೇಕು. ಅದನ್ನು ಮೊಬೈಲಿನ ಫಿಲ್ಟರು ನಿನ್ನೆ ತೆಗೆದ ಚಿತ್ರಕ್ಕೂ ಬಳಿಯಬಲ್ಲದು. ಪಂಕ್ಟಮನ್ನು ಹಾಗೆ ಬಳಿಯಲು ಬರುವುದಿಲ್ಲ.

ಆದರೆ ಅಳಿಸಲು ಬರುತ್ತದೆ. ಹಳೆಯ ಸ್ನ್ಯಾಪ್‌ಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸುವವರು ಗೀರು, ಕಲೆಗಳ ಜೊತೆ ಒಂದು ‘ದೋಷ’ವನ್ನು ತಪ್ಪದೆ ತೆಗೆದುಹಾಕುತ್ತಾರೆ: ಸೂರ್ಯನಿಗೆ ಬೆನ್ನು ಮಾಡಿ ಫೋಟೊ ತೆಗೆದಾಗ ಚಿತ್ರದ ಬುಡದಲ್ಲಿ, ನೆಲದ ಮೇಲೆ ಬೀಳುವ ಉದ್ದನೆಯ ನೆರಳು, ಮುಖದ ಬಳಿ ಎತ್ತಿ ಹಿಡಿದ ಎರಡು ಮೊಣಕೈಗಳು. ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಸದಾ ಒಬ್ಬರ ಕೈಯಲ್ಲೇ ಇರುತ್ತಿತ್ತಾದ್ದರಿಂದ, ಆಲ್ಬಮ್ಮಿನಲ್ಲಿ ಅವರು ಇರುವುದು ಆ ನೆರಳಿನಷ್ಟೇ.