ಇಂಜಿನ್ ಬದಲಿಸುವ ಮೊದಲು ರೇಡಿಯೇಟರ್ ಬಿಚ್ಚಿ ನೋಡಿ

ಕಳೆದ ಮಳೆಗಾಲ ಮುಗಿದ ಮೇಲೆ ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಹಳೆಯ ಬೊಲೆರೊವನ್ನು ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಗ್ಯಾರೇಜಿಗೆ ಎಳೆತಂದರು. ಎಂಟು ತಿಂಗಳ ಹಿಂದಷ್ಟೇ ಗುಜರಿಯಿಂದ ತಂದ ಇಂಜಿನ್ನನ್ನು ತಮ್ಮನ ಜತೆ ಸೇರಿ ಮನೆಯಂಗಳದಲ್ಲೇ ಕೂರಿಸಿಕೊಂಡಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಒಂದು ಬೋಲ್ಟೂ ಸಡಿಲವಿರಲಿಲ್ಲ. ಆದರೂ ಮೊದಲಿನ ಇಂಜಿನ್ ಹೋದ ದಾರಿಯಲ್ಲೇ ಇದೂ ಹೋಗಿತ್ತು: ಹೀಟ್ ಆಗಿ, ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ ಬಾಗಿ, ನೀರು ಸೇರಿದ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. “ಇಂಜಿನ್ನೇ ಸರಿ ಇರ್ಲಿಲ್ಲ ಅನ್ಸುತ್ತೆ ಮಾರಾಯ್ರೆ” ಎಂದರು. ನಾನು ರೇಡಿಯೇಟರನ್ನು ಬಿಚ್ಚಿ, ಬಿಸಿಲಿಗಿಟ್ಟು, ಒಳಗೆ ಪೈಪಿನಿಂದ ನೀರು ಬಿಟ್ಟು ತೋರಿಸಿದೆ. ಹೆಚ್ಚುಕಡಿಮೆ ಅರ್ಧದಷ್ಟು ಟ್ಯೂಬುಗಳಿಂದ ಹನಿಯೂ ಇಳಿಯಲಿಲ್ಲ. ಹೊರಗಡೆ ಫಿನ್ನುಗಳ ನಡುವೆ ಗದ್ದೆಯ ಮಣ್ಣೂ ಅಡಿಕೆ ಸಿಪ್ಪೆಯ ನಾರೂ ಸೇರಿ ಗೋಡೆ ಕಟ್ಟಿತ್ತು.

ಮಲೆನಾಡಿನಲ್ಲಿ ವಾಹನಗಳ ಇಂಜಿನ್ ಬರೀ ಸವೆದು ಸಾಯುವುದು ಅಪರೂಪ, ಹೀಟ್ ಆಗಿಯೇ ಸಾಯುತ್ತವೆ. ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಖಾಲಿಯಾದಾಗಲೆಲ್ಲ ಬಾವಿಯ ನೀರು ತುಂಬುವುದರಿಂದ ಒಳಗೆ ತುಕ್ಕು ಕಟ್ಟುತ್ತದೆ. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ, ತುಂಬಿದ ಹೊರೆಯಲ್ಲಿ ಇಂಜಿನ್ ದುಡಿಯುವುದು ಹೆಚ್ಚು, ಆದರೆ ವಾಹನದ ವೇಗ ಕಡಿಮೆಯಾದ್ದರಿಂದ ಎದುರುಗಾಳಿಯ ನೆರವಿಲ್ಲದೆ ಫ್ಯಾನಿನ ಗಾಳಿಯೊಂದೇ ಗತಿಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ವರ್ಷಗಟ್ಟಲೆ ಗುಟ್ಟು ಬಿಟ್ಟುಕೊಡದ ಅರ್ಧ ಕಟ್ಟಿದ ರೇಡಿಯೇಟರ್ ಆಗುಂಬೆಯ ತಿರುವುಗಳಲ್ಲಿ ಒಂದೇ ಸಲಕ್ಕೆ ಬಣ್ಣ ಬಯಲು ಮಾಡುತ್ತದೆ. ಆದ್ದರಿಂದ ಬದಲಿ ಇಂಜಿನ್ ಹುಡುಕುವ ಮೊದಲು ಹಳೆಯದು ಯಾಕೆ ಹೋಯಿತು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರೇಡಿಯೇಟರನ್ನು ರಾಡಿಂಗ್ ಮಾಡಿಸಿ, ಅಂದರೆ ಟ್ಯೂಬುಗಳೊಳಗೆ ಸರಳು ಹಾಕಿ ಕೊಳೆ ತೆಗೆಸಿ, ಅದಕ್ಕೂ ಬಗ್ಗದಿದ್ದರೆ ಟ್ಯೂಬು-ಫಿನ್ನುಗಳ ಕೋರನ್ನೇ ಬದಲಿಸಿ. ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟನ್ನು ಬಚ್ಚಲು ಹಂಡೆಯಲ್ಲಿ ಕಾಯುವ ನೀರಿಗೆ ದಾರ ಕಟ್ಟಿ ಇಳಿಬಿಟ್ಟು, ಅದರ ಮೇಲೆಯೇ ಕೆತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆಯೇ ನೋಡಿ. ಹೀಟ್ ಆಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ನಮ್ಮವರ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಲವು ಇಂಜಿನ್ನುಗಳಲ್ಲಿ ಅದು ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮರಳಿ ಇಂಜಿನ್ನಿಗೇ ಸುತ್ತುತ್ತದೆ.

ಇನ್ನು ಖರೀದಿಯ ವಿಷಯ. ಬೊಲೆರೊದ 2523 ಸಿಸಿ ಇಂಜಿನ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಹಳೆಯ ಪಂಪಿನ ಮಾದರಿಗೂ ನಂತರ ಬಂದ, ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೇಲ್ ಮಾದರಿಗೂ ಸಿಸಿ ಒಂದೇ, ಆದರೆ ವೈರಿಂಗ್, ಸೆನ್ಸರ್, ಕಂಟ್ರೋಲ್ ಯೂನಿಟ್ ಎಲ್ಲವೂ ಬೇರೆ. ಮನೆಯಲ್ಲಿ ಕೈ ಹಾಕುವವರು ತಮ್ಮ ಗಾಡಿಯಲ್ಲಿರುವ ಮಾದರಿಯನ್ನೇ ತರುವುದು ಕ್ಷೇಮ. ಶಿವಮೊಗ್ಗದಲ್ಲಾಗಲಿ ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ಗುಜರಿಯವರು ಸ್ಟಾರ್ಟ್ ಮಾಡಿ ತೋರಿಸಿದರೆ ಅದು ಅದೃಷ್ಟ. ಇಲ್ಲದಿದ್ದರೆ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಎರಡು ಪೂರ್ಣ ಸುತ್ತು ಕೈಯಲ್ಲೇ ತಿರುಗಿಸಿ, ಎಲ್ಲಿಯೂ ಹಿಡಿಯಬಾರದು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಇದ್ದರೆ ಒಯ್ಯಿರಿ. ಸುಸ್ಥಿತಿಯ ಡೀಸೆಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 350ರಿಂದ 450 ಪಿಎಸ್‌ಐ ಬರುತ್ತದೆಯಾದರೂ ನಾನು ನೋಡುವುದು ನಾಲ್ಕು ಸಿಲಿಂಡರುಗಳ ನಡುವಿನ ಅಂತರವನ್ನು: ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ. 10ಕ್ಕೂ ಹೆಚ್ಚು ಹಿಂದಿದ್ದರೆ ಆ ಇಂಜಿನ್ ಬೇಡ. ಇಂಜಿನ್ನಿನ ತಳದ ಆಯಿಲ್ ತಟ್ಟೆಯಾದ ಸಂಪ್ ಬಿಚ್ಚಲು ಒಪ್ಪಿದರೆ ತಳದ ಮಡ್ಡಿಯನ್ನು ಬೆರಳಿನಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಪುಡಿಯಂತೆ ಮಿನುಗಿದರೆ ಬೇರಿಂಗ್ ಕರಗಿದೆ ಎಂದೇ ಅರ್ಥ.

ಆಗಲೇ ಬ್ಲಾಕಿನ ಮೇಲೆ ಕೆತ್ತಿದ ಇಂಜಿನ್ ನಂಬರನ್ನೂ ಫೋಟೋ ತೆಗೆದುಕೊಳ್ಳಬೇಕು. ಆರ್‌ಸಿಯಲ್ಲಿ ಚಾಸಿ ನಂಬರಿನ ಜತೆಗೆ ಇಂಜಿನ್ ನಂಬರೂ ಇರುವುದರಿಂದ, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಈ ಬದಲಾವಣೆ ಆರ್‌ಟಿಒ ಗಮನಕ್ಕೆ ಬರಲೇಬೇಕು. ಬಿಲ್ ಕೊಡಲೊಲ್ಲದ, ನಂಬರನ್ನು ಉಜ್ಜಿದ ಗುರುತಿರುವ ಇಂಜಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅಲ್ಲೇ ಬಿಟ್ಟು ಬನ್ನಿ. ಶಿವಮೊಗ್ಗದ ಕೆಎ 14 ಇರಲಿ, ಸಾಗರದ ಕೆಎ 15 ಇರಲಿ, ಅರ್ಜಿಯನ್ನು ಇಂಜಿನ್ ಇಳಿಸುವ ಮೊದಲೇ ಕೊಡುವುದು ಒಳ್ಳೆಯದು.

ಎತ್ತುವ ಕೆಲಸದಲ್ಲಿ ನಾನು ಸ್ವಲ್ಪ ಅಂಜುಬುರುಕ. ಹಳೆಯ ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ಕಟ್ಟುವವರನ್ನು ಬಹಳ ಕಂಡಿದ್ದೇನೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ತೊಲೆಯನ್ನು ಗೆದ್ದಲು ಒಳಗಿನಿಂದ ತಿಂದಿರುವುದು ನಮ್ಮ ಮಳೆಯೂರುಗಳಲ್ಲಿ ಹೊಸತಲ್ಲ. ಇನ್ನೂರು ಕಿಲೋ ಆಸುಪಾಸಿನ ಕಬ್ಬಿಣಕ್ಕೆ ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡೋ ಬಾಡಿಗೆಯ ಕ್ರೇನೋ ಬೇಕು, ಮತ್ತು ತೂಗುತ್ತಿರುವ ಇಂಜಿನ್ನಿನ ಕೆಳಗೆ ಯಾರೂ ಕೈಯಿಡಬಾರದು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಪ್ರತಿ ವೈರಿಗೂ ಪೈಪಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಎಸಿ ಇದ್ದರೆ ಗ್ಯಾಸ್ ಬಿಡದೆ ಕಂಪ್ರೆಸರನ್ನು ಪೈಪುಗಳ ಸಮೇತ ಪಕ್ಕಕ್ಕೆ ಕಟ್ಟಿಡಬಹುದು. ಗೇರ್‌ಬಾಕ್ಸಿನ ಕೆಳಗೆ ಜಾಕಿಯ ಮೇಲೆ ಮರದ ತುಂಡಿಟ್ಟು ಆಧಾರ ಕೊಟ್ಟ ನಂತರವೇ ಇಂಜಿನ್ನನ್ನು ನೇರ ಮುಂದಕ್ಕೆ ಎಳೆಯಬೇಕು. ಕೂರಿಸುವಾಗಲೂ ಅದರ ಭಾರ ಕ್ಷಣಮಾತ್ರವೂ ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗಿ, ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳದಂತಾಗುತ್ತದೆ.

ಇಂಜಿನ್ ನೆಲದ ಮೇಲಿರುವಾಗ ಹಿಂಬದಿಯ ಕ್ರ್ಯಾಂಕ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ವಾಟರ್ ಪಂಪ್ ಮತ್ತು ಬ್ಲಾಕಿನ ಪಕ್ಕದ ತಗಡಿನ ಪ್ಲಗ್ಗುಗಳನ್ನು ಹೊಸತು ಹಾಕಿಬಿಡಿ. ಇಲ್ಲದಿದ್ದರೆ ಕೂರಿಸಿದ ಮೇಲೆ ಅದೇ ಆಯಿಲ್ ಸೀಲಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಬಹುತೇಕ ಎಲ್ಲರೂ ಮರೆಯುವುದು ಇಂಜಿನ್ನಿಗೂ ಬಾಡಿಗೂ ನಡುವೆ ಕರೆಂಟ್ ಹರಿಯುವ ಅರ್ಥ್ ಪಟ್ಟಿಯನ್ನು. ಕಲಿಯುವ ದಿನಗಳಲ್ಲಿ ನಾನೇ ಒಮ್ಮೆ ಮರೆತಿದ್ದೆ. ಸೆಲ್ಫ್ ಹೊಡೆದಾಗ ಇಂಜಿನ್ ನಿಧಾನವಾಗಿ ತಿರುಗಿತು, ಬಾನೆಟ್ಟಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡಿದರೆ ಕರೆಂಟಿಗೆ ಬೇರೆ ದಾರಿಯಿಲ್ಲದೆ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹರಿದು ಅದರ ಹೊದಿಕೆಯೇ ಕರಗಿತ್ತು.

ಮೊದಲ ಸ್ಟಾರ್ಟಿಗೆ ಮುನ್ನ ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಶರ್ ದೀಪ ಆರುವವರೆಗೆ ತುಸು ತುಸುವೇ ಸೆಲ್ಫ್ ಕೊಡಬೇಕು. ಅನಂತರ ಡೀಸೆಲ್ ಪೈಪಿನಲ್ಲಿ ಸೇರಿದ ಏರನ್ನು ಹ್ಯಾಂಡ್ ಪಂಪಿನಿಂದ ತೆಗೆಯಿರಿ. ಏರ್ ಫಿಲ್ಟರಿನ ಬಾಯಿಗೆ ಸರಿಹೊಂದುವ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ: ಹಳೆಯ ಡೀಸೆಲ್ ಇಂಜಿನ್ ತನ್ನದೇ ಆಯಿಲನ್ನು ಎಳೆದು ಉರಿಸತೊಡಗಿ ವೇಗ ಏರಿಸಿಕೊಂಡರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಬೇಕು, ಅದೂ ಅಂಗೈಯಿಂದಲ್ಲ. ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನ ಜತೆ ಅರ್ಧಕ್ಕರ್ಧ ಬೆರೆಸಿ, ಹೀಟರ್ ತೆರೆದಿಟ್ಟು, ಗುಳ್ಳೆ ನಿಲ್ಲುವವರೆಗೆ ತುಂಬುತ್ತಿರಿ.

ಹೊಸನಗರದವರ ಬೊಲೆರೊಗೆ ಮೂರನೆಯ ಇಂಜಿನ್ ಬೇಕಾಗಲಿಲ್ಲ. ಬ್ಲಾಕ್ ಸರಿಯಿದ್ದುದರಿಂದ ಬಾಗಿದ ಹೆಡ್ಡನ್ನು ಫೇಸಿಂಗ್ ಮಾಡಿಸಿ, ಅಂದರೆ ಸವರಿ ಸಮತಟ್ಟು ಮಾಡಿಸಿ, ರೇಡಿಯೇಟರಿಗೆ ಹೊಸ ಕೋರ್ ಹಾಕಿ ಕೊಟ್ಟೆ. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಿಸಲು ಬಂದಾಗ ಅವರು ಮೊದಲು ತೋರಿಸಿದ್ದು ಹಿಂದಿನ ಸೀಟಿನ ಕೆಳಗೆ ಇಟ್ಟುಕೊಂಡಿದ್ದ ಹಸಿರು ಕೂಲೆಂಟಿನ ಕ್ಯಾನನ್ನು.