ಚಾಂಗಾನ್ ಆಸ್ಥಾನದ ಪಂಚಾಂಗದ ದೂರು

ಹುಂಜಕ್ಕೆ 5 ನಾಣ್ಯ, ಹೇಂಟೆಗೆ 3, ಮೂರು ಮರಿಗೆ 1. ನೂರು ನಾಣ್ಯಕ್ಕೆ ಸರಿಯಾಗಿ ನೂರು ಕೋಳಿ ತರಬೇಕು. ಐದನೆಯ ಶತಮಾನದ ಚೀನೀ ಗಣಿತಜ್ಞ ಝಾಂಗ್ ಚ್ಯೂಜ್ಯಾನ್ ಒಡ್ಡಿದ ಲೆಕ್ಕವಿದು (4 ಹುಂಜ, 18 ಹೇಂಟೆ, 78 ಮರಿ ಒಂದು ಉತ್ತರ). ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ನೂರು ಪಣಕ್ಕೆ ನೂರು ಹಕ್ಕಿ ತರಲು ಹೇಳುತ್ತಾನೆ. ಅಲ್ಲಿರುವುದು ಪಾರಿವಾಳ, ಸಾರಸ, ಹಂಸ, ನವಿಲು. ಇಂಥ ಹೋಲಿಕೆ ಕಂಡೊಡನೆ ಯಾರಿಂದ ಯಾರು ಪಡೆದರು ಎಂಬ ವಾದ ಏಳುತ್ತದೆ. ಈ ವಾದ ಇಂದಿನದಲ್ಲ.

ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಲೆಕ್ಕ ಮಾಡುತ್ತಿದ್ದ ಚೀನೀಯರು ಅಂಕೆಯಿಲ್ಲದ ಸ್ಥಾನವನ್ನು ಖಾಲಿ ಬಿಡುತ್ತಿದ್ದರು. ಅಷ್ಟರಿಂದಲೇ ಅವರು ಐದನೆಯ ಶತಮಾನದಲ್ಲಿ ಪೈ ಬೆಲೆಯನ್ನು 355/113ರವರೆಗೆ ತಂದಿದ್ದರು. ಬೌದ್ಧ ಭಿಕ್ಷುಗಳು ನಡೆದ ದಾರಿಯಲ್ಲೇ ಭಾರತದ ಗ್ರಹಗಣಿತವೂ ಅಲ್ಲಿಗೆ ಹೋಯಿತು. ಟಾಂಗ್ ರಾಜವಂಶದ ರಾಜಧಾನಿ ಚಾಂಗಾನ್‌ನಲ್ಲಿ ಗೌತಮ, ಕಾಶ್ಯಪ, ಕುಮಾರ ಎಂಬ ಮೂರು ಭಾರತೀಯ ಮನೆತನಗಳ ಜ್ಯೋತಿಷಿಗಳಿದ್ದರು. 718ರಲ್ಲಿ ಗೌತಮ ಸಿದ್ಧ ನವಗ್ರಹ ಪಂಚಾಂಗವನ್ನು ಚೀನೀ ಭಾಷೆಗೆ ತಂದ. ಒಂಬತ್ತು ಅಂಕೆಗಳು, ಖಾಲಿ ಸ್ಥಾನಕ್ಕೊಂದು ಚುಕ್ಕೆ, 3 ಅಂಶ (ಡಿಗ್ರಿ) 45 ಕಲೆಗೊಂದರಂತೆ (ಅಂಶಕ್ಕೆ 60 ಕಲೆ) ಜ್ಯಾ (ಸೈನ್) ಕೋಷ್ಟಕ, ಎಲ್ಲವೂ ಅದರಲ್ಲಿದ್ದವು. ಆದರೆ ಸೂರ್ಯನ ದಿನದ ನಡೆಗೆ ಒಂದು ಭಾಗದಂತೆ ಆಕಾಶವನ್ನು 365¼ ಭಾಗ ಮಾಡಿದ್ದವರಿಗೆ 360 ಅಂಶದ ವೃತ್ತ ಒಗ್ಗಲಿಲ್ಲ. ಚುಕ್ಕೆಯೂ ಬಳಕೆಗೆ ಬರಲಿಲ್ಲ.

ಭಿಕ್ಷು ಯಿ ಷಿಂಗ್ ರಚಿಸಿದ ಹೊಸ ಪಂಚಾಂಗ 729ರಲ್ಲಿ ಜಾರಿಗೆ ಬಂತು. ನಾಲ್ಕು ವರ್ಷ ಕಳೆದು ಸಿದ್ಧನ ಮಗ ಗೌತಮ ಝುವಾನ್ ಮತ್ತು ಸಂಗಡಿಗರು ದೂರಿತ್ತರು: ಇದು ನವಗ್ರಹ ಪಂಚಾಂಗದ ನಕಲು, ಅದೂ ಅರೆಬರೆ. ವೀಕ್ಷಣಾಲಯದ ದಾಖಲೆಗಳೊಂದಿಗೆ ತಾಳೆ ನೋಡಲು ಆಜ್ಞೆಯಾಯಿತು. ಯಿ ಷಿಂಗ್‌ನ ಪಂಚಾಂಗ ಹತ್ತಕ್ಕೆ ಏಳೆಂಟು ಸಲ ಸರಿಯಿತ್ತು, ಅದಕ್ಕೆ ಮುಂಚೆ ಜಾರಿಯಲ್ಲಿದ್ದದ್ದು ಮೂರು ನಾಲ್ಕು, ನವಗ್ರಹದ್ದು ಒಂದೆರಡು. ದೂರು ಬಿದ್ದುಹೋಯಿತು. ಕೇಳಿದ್ದು ನಕಲಿನ ಮಾತು, ಉತ್ತರ ಸಿಕ್ಕಿದ್ದು ನಿಖರತೆಗೆ. ಹಾಗಾಗಿ ಮೂಲ ಪ್ರಶ್ನೆ ಅಲ್ಲೇ ಉಳಿಯಿತು. ಕಲಿತದ್ದನ್ನು ತಿದ್ದಿ ಬೆಳೆಸುವುದಕ್ಕೂ ನಕಲಿಗೂ ಇರುವ ಅಂತರವನ್ನು ಅಂದು ಯಾರೂ ಅಳೆಯಲಿಲ್ಲ. ಇಂದಿನ ವಾದಗಳಲ್ಲೂ ಅದೇ ಕೊರತೆ.

ಮುಂದೆ ಪರ್ಷಿಯದ ಜ್ಯೋತಿಷಿಗಳು ಬಂದರು, ಯುರೋಪಿನ ಜೆಸ್ವಿಟ್ ಪಾದ್ರಿಗಳು ಬಂದರು. 1247ರಲ್ಲಿ ಚೀನೀ ಗಣಿತಜ್ಞ ಚಿನ್ ಜ್ಯುಶಾವ್‌ನ ಕೃತಿಯಲ್ಲಿ ದುಂಡು ಸೊನ್ನೆ ಕಾಣಿಸಿಕೊಂಡಾಗ ಅದಕ್ಕೂ ಇದೇ ಪ್ರಶ್ನೆ ಅಂಟಿಕೊಂಡಿತು.

ನವಗ್ರಹ ಪಂಚಾಂಗವನ್ನು ಒಳಗೊಂಡು ಕಣ್ಮರೆಯಾಗಿದ್ದ ಸಿದ್ಧನ ಗ್ರಂಥ 1616ರಲ್ಲಿ ಒಂದು ಬುದ್ಧನ ಮೂರ್ತಿಯೊಳಗೆ ಸಿಕ್ಕಿತು. 1977ರಲ್ಲಿ ಶಿಆನ್ (ಅಂದಿನ ಚಾಂಗಾನ್) ಬಳಿ ಝುವಾನ್‌ನ ಸಮಾಧಿ ಪತ್ತೆಯಾಯಿತು. ಅಲ್ಲಿನ ಕಲ್ಲಿನ ಬರಹ ಆ ಮನೆತನದ ಮೂಲ ಮಧ್ಯ ಭಾರತ ಎನ್ನುತ್ತದೆ. ಅದರ ಜೊತೆಗೇ, ಇವರು ತಲೆಮಾರುಗಳಿಂದ ರಾಜಧಾನಿಯವರು ಎಂದೂ ಹೇಳುತ್ತದೆ.